ನೀರು ಮೊದಲು, ತಂತಿ ಆಮೇಲೆ

ಜಪಾನೀ ಭಾಷೆಯಲ್ಲಿ ‘ಬೋನ್’ ಎಂದರೆ ಆಳವಿಲ್ಲದ ತಟ್ಟೆ, ‘ಸಾಯ್’ ಎಂದರೆ ನೆಟ್ಟದ್ದು. ಬಯಲಲ್ಲಿ ಬೆಳೆದ ಹಳೆಯ ಮರದ ನಿಲುವು, ವಯಸ್ಸು, ಗಾಳಿಮಳೆಗೆ ಮೈಯೊಡ್ಡಿದ ಗುರುತು ಇವೆಲ್ಲ ಒಂದು ಗೇಣಿನಲ್ಲೋ ಒಂದು ಮೊಳದಲ್ಲೋ ಕಾಣುವಂತೆ ತಟ್ಟೆಯಲ್ಲಿ ಬೆಳೆಸಿದ ಜೀವಂತ ಮರವೇ ಬೋನ್ಸಾಯ್. ಭಾರತದಲ್ಲಿ ಇದಕ್ಕೆ ವಾಮನ ವೃಕ್ಷ, ಕುಬ್ಜ ವೃಕ್ಷ ಎಂಬ ಹೆಸರುಗಳೂ ಉಂಟು. ಈ ಕಲೆಗೆ ಕೈಹಾಕುವವರಿಗೆ ಎರಡು ಬಗೆಯ ಪ್ರಶ್ನೆಗಳು ಎದುರಾಗುತ್ತವೆ. ಯಾವ ಗಿಡ, ಎಂಥ ಮಣ್ಣು, ಎಷ್ಟು ನೀರು ಎಂಬುದು ಕೈಗೆ ಸಂಬಂಧಿಸಿದ್ದು. ಆಕಾಶದತ್ತ ಹೊರಟ ಜೀವವನ್ನು ಅಂಗೈಯಗಲದ ಮಣ್ಣಿನಲ್ಲಿ ಹಿಡಿದಿಡುವುದು ಸರಿಯೇ ಎಂಬುದು ಧರ್ಮಕ್ಕೆ ಸಂಬಂಧಿಸಿದ್ದು. ಎರಡನೆಯ ಪ್ರಶ್ನೆ ಹೊಸದಲ್ಲ. ಚೀನಾ ಮತ್ತು ಜಪಾನಿನಲ್ಲಿ ಈ ಕಲೆಯ ಜೊತೆಜೊತೆಗೇ ಅದೂ ಬೆಳೆದು ಬಂದಿದೆ. ಅದಕ್ಕೆ ಉತ್ತರ ಹುಡುಕಲು ಮೊದಲನೆಯ ಪ್ರಶ್ನೆಯ ಮೂಲಕವೇ ಹಾಯಬೇಕು.

ತಟ್ಟೆಯ ಚರಿತ್ರೆ

ಕಲೆಯ ಮೂಲ ಚೀನಾ. ಅಲ್ಲಿ ಇದರ ಹೆಸರು ಪೆಂಜಿಂಗ್. ಕಲ್ಲು, ಮಣ್ಣು, ಗಿಡಗಳಿಂದ ತಟ್ಟೆಯೊಳಗೆ ಬೆಟ್ಟಗುಡ್ಡದ ನೋಟವೊಂದನ್ನು ಕಟ್ಟುವುದು ಅದರ ರೂಢಿ. ಶಿಯಾನ್ ನಗರದ ಬಳಿ ಟಾಂಗ್ ವಂಶದ ರಾಜಕುಮಾರ ಜಾಂಗ್‌ಹುಆಯ್‌ನ ಸಮಾಧಿಯಿದೆ. 706ರ ಈ ಸಮಾಧಿಯ ಗೋಡೆಚಿತ್ರದಲ್ಲಿ ಪರಿಚಾರಕರು ಇಂಥ ತಟ್ಟೆಯನ್ನು ಹಿಡಿದು ನಿಂತಿದ್ದಾರೆ. ಬೌದ್ಧ ಭಿಕ್ಷುಗಳ, ವ್ಯಾಪಾರಿಗಳ ಓಡಾಟದ ಜೊತೆಗೆ ಈ ಅಭಿರುಚಿ ಜಪಾನಿಗೆ ದಾಟಿತು. 1309ರ ‘ಕಾಸುಗಾ ಗೊಂಗೆನ್ ಗೆಂಕಿ’ ಎಂಬ ಚಿತ್ರಸುರುಳಿಯಲ್ಲಿ ಮನೆಯಂಗಳದ ತಟ್ಟೆಮರಗಳು ಸ್ಪಷ್ಟವಾಗಿ ಕಾಣುತ್ತವೆ. ಝೆನ್ ಗುರು ಕೊಕಾನ್ ಶಿರೆನ್ (1278–1346) ತಟ್ಟೆಯಲ್ಲಿಟ್ಟ ಕಲ್ಲುಗಳನ್ನು ಕುರಿತೇ ಒಂದು ಗದ್ಯಕಾವ್ಯ ಬರೆದ. ನೋಡುವವನ ಮನಸ್ಸು ಹಿಗ್ಗಿದರೆ ತಟ್ಟೆಯ ಕಲ್ಲೂ ಪರ್ವತವಾಗುತ್ತದೆ, ದೊಡ್ಡದು ಚಿಕ್ಕದು ಎಂಬ ಅಳತೆ ವಸ್ತುವಿನಲ್ಲಿಲ್ಲ ಎಂಬ ಝೆನ್ ನಿಲುವು ಅಲ್ಲಿಂದ ಈ ಕಲೆಯ ಬೆನ್ನಿಗಿದೆ.

1923ರ ಮಹಾಭೂಕಂಪದಲ್ಲಿ ಟೋಕಿಯೋ ಕುಸಿದಾಗ ಅಲ್ಲಿನ ಬೋನ್ಸಾಯ್ ಬೆಳೆಗಾರರು ಶುದ್ಧ ಗಾಳಿ, ನೀರು ಅರಸಿ ಉತ್ತರದ ಓಮಿಯಾಕ್ಕೆ ಸರಿದರು. 1925ರಲ್ಲಿ ಅಲ್ಲಿ ಬೋನ್ಸಾಯ್ ಗ್ರಾಮವೇ ನೆಲೆಗೊಂಡಿತು. ಎರಡನೆಯ ಮಹಾಯುದ್ಧದ ನಂತರ ಕಲೆ ಜಗತ್ತಿನಾದ್ಯಂತ ಹರಡಿತು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೋನ್ಸಾಯ್‌ಗೆಂದೇ ಒಂದು ತೋಟವಿದೆ. ಮೈಸೂರಿನ ಅವಧೂತ ದತ್ತಪೀಠದ ಆವರಣದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಇನ್ನೂ ದೊಡ್ಡದು. ಆಶ್ರಮದ ಅಂಗಳದಲ್ಲೇ ಈ ಕಲೆ ಜಾಗ ಪಡೆದಿರುವುದಕ್ಕೆ ಕನ್ನಡನಾಡಿನ ಸಾಕ್ಷಿ ಅದು.

ಮರ ಚಿಕ್ಕದಾಗುವುದು ಹೇಗೆ

ಬೋನ್ಸಾಯ್ ಒಂದು ಕುಳ್ಳ ತಳಿ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ತಟ್ಟೆಯಲ್ಲಿರುವ ಆಲ, ರಾಮೋಹಳ್ಳಿಯ ದೊಡ್ಡ ಆಲದ ಮರ ಎರಡೂ ಒಂದೇ ಜಾತಿ. ಒಂದು ಮೂರು ಎಕರೆ ಹಬ್ಬಿದೆ, ಇನ್ನೊಂದು ಮೇಜಿನ ಮೇಲೆ ಹಿಡಿಯುತ್ತದೆ. ತಟ್ಟೆಯ ಮರದ ಬೀಜ ಬಿತ್ತಿದರೆ ಹುಟ್ಟುವುದು ಪೂರ್ಣಪ್ರಮಾಣದ ಮರವೇ. ಹಸಿವಿಗೆ ಕೆಡವಿ ಗಿಡವನ್ನು ಕುಗ್ಗಿಸುತ್ತಾರೆ ಎಂಬ ಮಾತೂ ಹುಸಿ. ಹಿಡಿಮಣ್ಣಿನಲ್ಲಿರುವ ಸಾರ ಪ್ರತಿ ನೀರಿಗೂ ತೊಳೆದುಹೋಗುವುದರಿಂದ ಬೋನ್ಸಾಯ್‌ಗೆ ನೆಲದ ಗಿಡಕ್ಕಿಂತ ಹೆಚ್ಚು ಸಲ ಗೊಬ್ಬರ ಬೇಕು.

ಗಾತ್ರವನ್ನು ಹಿಡಿತದಲ್ಲಿಡುವುದು ಮೂರು ಕೆಲಸಗಳು. ಮೊದಲನೆಯದು ಕುಡಿ ಚಿವುಟುವುದು. ಕೊಂಬೆಯ ತುದಿಮೊಗ್ಗು ಆಕ್ಸಿನ್ ಎಂಬ ರಸದ ಮೂಲಕ ಪಕ್ಕದ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ತುದಿ ಹೋದರೆ ಪಕ್ಕದವು ಒಡೆಯುತ್ತವೆ, ಒಂದಿದ್ದ ಕವಲು ಎರಡಾಗುತ್ತದೆ. ಹೀಗೆ ಕವಲೊಡೆದಷ್ಟೂ ಎಲೆ ಚಿಕ್ಕದಾಗುತ್ತಾ ಬರುತ್ತದೆ. ಹೂವು, ಕಾಯಿಗಳು ಮಾತ್ರ ಹಾಗೆ ಕುಗ್ಗುವುದಿಲ್ಲ. ಒಂದು ಮೊಳದ ಹುಣಸೆಮರ ಕಾಯಿ ಬಿಟ್ಟರೆ ತೋಪಿನ ಮರದ ಕಾಯಿಯಷ್ಟೇ ಉದ್ದ ಜೋತುಬೀಳುತ್ತದೆ. ಎರಡನೆಯದು ಬೇರು ಸವರುವುದು, ಮೂರನೆಯದು ತಂತಿ ಸುತ್ತಿ ಕೊಂಬೆಗೆ ದಿಕ್ಕು ತೋರಿಸುವುದು.

ಕರ್ನಾಟಕದ ಹವೆಯಲ್ಲಿ ಆರಂಭಿಸುವವರಿಗೆ ಗೋಳಿ, ಆಲ, ಅತ್ತಿಯಂಥ ಹಾಲು ಬರುವ ಜಾತಿಗಳು ಹೇಳಿ ಮಾಡಿಸಿದವು. ಹುಣಸೆ, ಕಾಗದದ ಹೂವಿನ ಬೋಗನ್‌ವಿಲ್ಲಾ, ಜೇಡ್ ಗಿಡ ಕೂಡ ತಪ್ಪನ್ನು ಸಹಿಸುತ್ತವೆ. ಚಳಿನಾಡಿನ ಪೈನ್, ಮೇಪಲ್‌ಗಳು ಬಯಲುಸೀಮೆಯ ಬಿಸಿಲಿಗೆ ಒಗ್ಗುವುದಿಲ್ಲ. ಬೀಜದಿಂದ ಹೊರಟರೆ ಕಾಂಡ ದಪ್ಪಗಾಗಲು ಹಲವು ವರ್ಷ ಕಾಯಬೇಕಾದ್ದರಿಂದ ನರ್ಸರಿಯ ದಪ್ಪ ಬುಡದ ಗಿಡವನ್ನೋ, ಹಳೆಯ ಗೋಡೆಯ ಬಿರುಕಲ್ಲಿ ಬೇರೂರಿ ಹೇಗೂ ಕಿತ್ತುಹಾಕಲಿರುವ ಗೋಳಿಯನ್ನೋ ಆರಿಸಿಕೊಳ್ಳುವುದು ಜಾಣತನ. ಮಣ್ಣಿಗಿಂತ ಹೆಚ್ಚು ಮುಖ್ಯವಾದದ್ದು ಮಣ್ಣಿನೊಳಗಿನ ಗಾಳಿ. ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು, ಕೆಂಪುಮಣ್ಣು, ಕಳಿತ ಗೊಬ್ಬರ ಸೇರಿಸಿದ ಮಿಶ್ರಣದಲ್ಲಿ ನೀರು ಸುರಿದ ಕೂಡಲೇ ಕೆಳಗಿನ ತೂತಿನಿಂದ ಹೊರಬರಬೇಕು. ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ತಟ್ಟೆ ಇರಬೇಕಾದದ್ದು ಬಿಸಿಲು, ಗಾಳಿ ತಾಗುವ ಅಂಗಳದಲ್ಲಿ ಅಥವಾ ತಾರಸಿಯಲ್ಲಿ. ಕೋಣೆಯ ಮೂಲೆಯ ಅಲಂಕಾರವೆಂದು ಕೊಂಡುತಂದ ಬೋನ್ಸಾಯ್‌ಗಳಲ್ಲಿ ಬಹಳಷ್ಟು ಸಾಯುವುದು ಬೆಳಕಿಲ್ಲದೆ.

ಬೇರು ಮತ್ತು ತಂತಿ

ಬೇರು ಸವರುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಧರ್ಮಪ್ರಶ್ನೆಯ ಗಂಟು ಎಲ್ಲಿದೆ ಎಂದು ಗೊತ್ತಾಗುತ್ತದೆ. ಎಳೆಯ ಗೋಳಿಯನ್ನು ಎರಡು ವರ್ಷಕ್ಕೊಮ್ಮೆ ತಟ್ಟೆಯಿಂದ ಎತ್ತುತ್ತಾರೆ. ಬೇರುಗಳು ತಟ್ಟೆಯ ಗೋಡೆಯುದ್ದಕ್ಕೂ ಸುತ್ತಿಕೊಂಡು ತಟ್ಟೆಯದೇ ಆಕಾರದ ಒಂದು ಬಿಲ್ಲೆಯಾಗಿ ಮೇಲೆದ್ದು ಬರುತ್ತವೆ. ಬಿದಿರುಕಡ್ಡಿಯಿಂದ ತಲೆಗೂದಲು ಬಿಡಿಸಿದಂತೆ ಅವನ್ನು ಮೆಲ್ಲಗೆ ಬಿಡಿಸಬೇಕು. ಹಳೆಯ ಮಣ್ಣು ಉದುರುತ್ತದೆ, ಕಂದು ಬಣ್ಣದ ದಪ್ಪ ಬೇರುಗಳ ನಡುವೆ ಬಿಳಿಯ ಎಳೆಬೇರುಗಳು ಹೊಳೆಯುತ್ತವೆ. ತಾಯಿಬೇರನ್ನೂ ದಪ್ಪ ಬೇರುಗಳನ್ನೂ ಕತ್ತರಿಸಿ ಸುಮಾರು ಮೂರನೆಯ ಒಂದು ಭಾಗ ತೆಗೆಯುತ್ತಾರೆ. ಕತ್ತರಿ ತಾಗಿದಲ್ಲೆಲ್ಲ ಹಾಲು ಒಸರುತ್ತದೆ. ಆ ಬಿಳಿ ಹನಿ ಕಂಡು ಕೈ ತಡೆದವರಿದ್ದಾರೆ. ಕೆಲವು ವಾರಗಳಲ್ಲಿ ಕತ್ತರಿಸಿದ ಅಂಚಿನಿಂದಲೇ ಹೊಸ ಎಳೆಬೇರುಗಳ ಗೊಂಚಲು ಹೊರಡುತ್ತದೆ. ನೀರು, ಸಾರ ಹೀರುವುದು ಈ ಎಳೆಬೇರುಗಳೇ. ದಪ್ಪ ಬೇರಿನ ಕೆಲಸ ಮುಖ್ಯವಾಗಿ ಮರವನ್ನು ಹಿಡಿದು ನಿಲ್ಲಿಸುವುದು. ಹಾಗೆ ಸವರದೆ ಬಿಟ್ಟರೆ ಬೇರು ತನ್ನನ್ನೇ ಸುತ್ತಿಕೊಂಡು, ನೀರು ಇಳಿಯಲು ಜಾಗವಿಲ್ಲದೆ, ಗಿಡ ಸೊರಗುತ್ತದೆ. ಹೊಲದಲ್ಲಿ ಹಿಂಸೆ ಎನಿಸುವ ಕತ್ತರಿ ತಟ್ಟೆಯಲ್ಲಿ ಆರೈಕೆಯಾಗುತ್ತದೆ. ಆದರೆ ತಟ್ಟೆಗೆ ತಂದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ತಂತಿಯ ಕೆಲಸ ಇನ್ನೂ ನಾಜೂಕು. ಕೊಂಬೆಯ ಮೂರನೆಯ ಒಂದರಷ್ಟು ದಪ್ಪದ ಅಲ್ಯೂಮಿನಿಯಂ ಅಥವಾ ತಾಮ್ರದ ತಂತಿಯನ್ನು 45 ಡಿಗ್ರಿ ಓರೆಯಲ್ಲಿ ಸುತ್ತಿ ಕೊಂಬೆಯನ್ನು ಸ್ವಲ್ಪ ಸ್ವಲ್ಪವೇ ಬಾಗಿಸುತ್ತಾರೆ. ಕೊಂಬೆ ಆ ನಿಲುವಿಗೆ ಒಗ್ಗಿದ ಮೇಲೆ ತಂತಿ ತೆಗೆಯಬೇಕು. ಮಳೆಗಾಲದ ಭರದ ಬೆಳವಣಿಗೆಯಲ್ಲಿ ಹದಿನೈದು ದಿನ ಮರೆತರೂ ಸಾಕು, ತೊಗಟೆ ತಂತಿಯ ಸುತ್ತ ಉಬ್ಬಿ ಅದನ್ನು ನುಂಗತೊಡಗುತ್ತದೆ. ಆಗ ಸುತ್ತು ಬಿಚ್ಚಲು ಹೋದರೆ ತೊಗಟೆಯೇ ಕಿತ್ತು ಬರುತ್ತದೆ. ತಂತಿಯನ್ನು ತುಂಡುತುಂಡಾಗಿ ಕತ್ತರಿಸಿ ತೆಗೆಯಬೇಕು. ಹಾವು ಸುತ್ತಿದಂಥ ಆ ಕಲೆ ಮರದ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಕಟ್ಟಿದ್ದನ್ನು ಬಿಚ್ಚಲು ಮರೆತವನ ಗುರುತು ಅದು.

ಆಕ್ಷೇಪದ ಮೂರು ದನಿಗಳು

ಬಾಗಿಸುವುದರ ವಿರುದ್ಧದ ಮೊದಲ ತಾತ್ವಿಕ ದನಿ ಈ ಕಲೆಗಿಂತಲೂ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಚೀನೀ ಚಿಂತಕ ಜುವಾಂಗ್‌ಜಿಯ ಹೆಸರಿನ ಗ್ರಂಥ, ಜೇಡಿಮಣ್ಣಿಗೂ ಮರಕ್ಕೂ ಕೈವಾರದ, ಮೂಲೆಮಟ್ಟದ ಬಯಕೆ ಇದೆಯೇ ಎಂದು ಕೇಳುತ್ತದೆ. ಕುದುರೆಯ ಗೊರಸು ಕೆತ್ತಿ, ಕಡಿವಾಣ ಹಾಕಿ ‘ಪಳಗಿಸಿದೆ’ ಎಂದು ಹೊಗಳಿಸಿಕೊಳ್ಳುವವನನ್ನು ಅದು ಹಂಗಿಸುತ್ತದೆ. ಅದೇ ಗ್ರಂಥದಲ್ಲಿ ಬಡಗಿಯ ಕಣ್ಣಿಗೆ ಕೆಲಸಕ್ಕೆ ಬಾರದ ಸೊಟ್ಟ ಮರವೊಂದು, ಕೆಲಸಕ್ಕೆ ಬಾರದ್ದರಿಂದಲೇ ಕೊಡಲಿಗೆ ಸಿಗದೆ ನೂರಾರು ವರ್ಷ ಬಾಳುತ್ತದೆ. ಮುಂದೆ ಬೋನ್ಸಾಯ್ ಕಲೆ ಆದರ್ಶವಾಗಿ ಹಿಡಿದದ್ದು ಅಂಥ ಸೊಟ್ಟ ಮರವನ್ನೇ. ಜುವಾಂಗ್‌ಜಿಯ ಮರ ತಾನಾಗಿ ಸೊಟ್ಟಗಿತ್ತು, ಕಲಾವಿದನ ಮರ ಕಟ್ಟಿಸಿಕೊಂಡು ಸೊಟ್ಟಗಾಗುತ್ತದೆ ಎಂಬ ವಿಪರ್ಯಾಸ ಅಲ್ಲಿಂದ ಶುರುವಾಯಿತು.

ಎರಡನೆಯ ದನಿ ಜಪಾನಿನದು. 1330ರ ಆಸುಪಾಸಿನಲ್ಲಿ ಯೋಶಿದಾ ಕೆಂಕೋ ಬರೆದ ‘ತ್ಸುರೆಜುರೆಗುಸಾ’ದಲ್ಲಿ ಹಿನೋ ಸುಕೆತೊಮೊ ಎಂಬ ರಾಜಸಭಿಕನ ಪ್ರಸಂಗವಿದೆ. ಮಳೆಗೆ ಅವನು ಕ್ಯೋಟೋದ ತೋಜಿ ದೇವಾಲಯದ ಬಾಗಿಲಲ್ಲಿ ನಿಂತಿದ್ದಾಗ ಅಲ್ಲಿ ಕೈಕಾಲು ತಿರುಚಿದ ಭಿಕ್ಷುಕರು ಕೂಡಿದ್ದರು. ಒಬ್ಬೊಬ್ಬರೂ ವಿಚಿತ್ರ ಎಂದು ಮೊದಲು ಕುತೂಹಲದಿಂದ ನೋಡಿದವನಿಗೆ ಸ್ವಲ್ಪ ಹೊತ್ತಿನಲ್ಲೇ ಆ ನೋಟ ಬೇಡವಾಯಿತು. ಸಹಜವಾದದ್ದೇ ಚೆನ್ನ ಎನಿಸಿತು. ಮನೆಗೆ ಬಂದವನು ತಾನು ಪ್ರೀತಿಯಿಂದ ಕೂಡಿಟ್ಟಿದ್ದ ತಿರುಚು ಕೊಂಬೆಯ ತಟ್ಟೆಮರಗಳನ್ನೆಲ್ಲ ಕೀಳಿಸಿ ಎಸೆಸಿದ. ವಿಕಾರವನ್ನು ಚೆಲುವೆಂದು ಸವಿಯುವ ಕಣ್ಣಿನ ಮೇಲಿನ ಅನುಮಾನ ಇದು.

ಮೂರನೆಯದು ಚೀನಾದ ಗೊಂಗ್ ಜಿಜೆನ್ 1839ರಲ್ಲಿ ಬರೆದ ‘ರೋಗಗ್ರಸ್ತ ಪ್ಲಮ್‌ಗಳ ಮನೆ’ ಎಂಬ ಕಿರುಪ್ರಬಂಧ. ಸೊಟ್ಟಗಿದ್ದರೆ ಚೆಂದ ಎಂಬ ಪಂಡಿತರ ಅಭಿರುಚಿಗೆ ತಕ್ಕಂತೆ ಬೆಳೆಗಾರರು ಪ್ಲಮ್ ಗಿಡಗಳ ನೆಟ್ಟನೆಯ ಕೊಂಬೆ ಕಡಿದು, ಚಿಗುರು ಚಿವುಟಿ ಮಾರುತ್ತಿದ್ದರು. ಅಂಥ ಮುನ್ನೂರು ಕುಂಡಗಳನ್ನು ಕೊಂಡ ಲೇಖಕ ಕುಂಡ ಒಡೆದು, ಗಿಡಗಳನ್ನು ನೆಲಕ್ಕೆ ನೆಟ್ಟು, ಕಟ್ಟಿದ ನಾರು ಬಿಚ್ಚಿ, ಐದು ವರ್ಷದಲ್ಲಿ ಅವನ್ನು ಸರಿಪಡಿಸುವ ಪಣ ತೊಡುತ್ತಾನೆ. ಪ್ರಬಂಧದ ನಿಜವಾದ ಗುರಿ ಪ್ರತಿಭೆಗಳನ್ನು ಮುರಿದು ಬಗ್ಗಿಸುತ್ತಿದ್ದ ಚಿಂಗ್ ಆಳ್ವಿಕೆ. ಗಿಡದ ಉಪಮೆ ಅಷ್ಟು ಸಲೀಸಾಗಿ ಮನುಷ್ಯರಿಗೆ ಒಪ್ಪಿದ್ದೇ ಆಕ್ಷೇಪದ ಬಲವನ್ನು ತೋರಿಸುತ್ತದೆ.

ಭಾರತೀಯ ದರ್ಶನಗಳಲ್ಲಿ ಗಿಡದ ಜೀವ

ಗಿಡಕ್ಕೆ ಜೀವವಿದೆ ಎಂಬುದರಲ್ಲಿ ಭಾರತದ ಪರಂಪರೆಗಳಿಗೆ ಹೆಚ್ಚು ಜಗಳವಿಲ್ಲ. ಅದರ ಮಟ್ಟವೇನು ಎಂಬುದರಲ್ಲಿದೆ. ಮನುಸ್ಮೃತಿ ಸಸ್ಯಗಳನ್ನು ಒಳಗೆ ಅರಿವುಳ್ಳ, ಸುಖದುಃಖ ಉಳ್ಳ ಜೀವಗಳೆಂದು ಎಣಿಸುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಭರದ್ವಾಜನಿಗೆ ಮರಗಳಿಗೂ ಐದು ಇಂದ್ರಿಯಗಳಿವೆ ಎಂದು ವಾದಿಸುತ್ತಾನೆ: ಬಿಸಿಗೆ ಎಲೆ ಬಾಡುವುದು ಸ್ಪರ್ಶ, ಗುಡುಗಿಗೆ ಹೂ ಉದುರುವುದು ಶ್ರವಣ, ಬಳ್ಳಿ ದಾರಿ ಹುಡುಕಿ ಸುತ್ತುವುದು ದೃಷ್ಟಿ. ಬೌದ್ಧ ವಿನಯ ಭಿಕ್ಷುವಿಗೆ ಬೆಳೆಯುವ ಗಿಡವನ್ನು ಕೀಳುವುದನ್ನೂ ಕಡಿಯುವುದನ್ನೂ ನಿಷೇಧಿಸುತ್ತದೆ. ಜೈನರಿಗೆ ಸಸ್ಯ ಏಕೇಂದ್ರಿಯ ಜೀವ. ಸ್ಪರ್ಶ ಮಾತ್ರ ಉಳ್ಳ ವನಸ್ಪತಿಕಾಯ. ಸಂಸಾರಸ್ಥನಿಗೆ ಅಡುಗೆ, ಬೇಸಾಯದಲ್ಲಿ ಅದರ ಹಿಂಸೆ ತಪ್ಪದು ಎಂಬುದನ್ನು ಜೈನ ಆಚಾರಶಾಸ್ತ್ರ ಒಪ್ಪುತ್ತದೆ. ಆದರೆ ಪ್ರಯೋಜನವಿಲ್ಲದೆ ಗಿಡ ಕಡಿಯುವುದನ್ನು ಅನರ್ಥದಂಡದ ಸಾಲಿಗೆ ಸೇರಿಸಿ ಬಿಡಿಸುತ್ತದೆ. ಬೋನ್ಸಾಯ್‌ಗೆ ಎದುರಾಗುವ ಅತಿ ಕಟ್ಟುನಿಟ್ಟಿನ ಪ್ರಶ್ನೆ ಇದೇ: ಕಣ್ಣಿನ ಸುಖ ಒಂದು ಪ್ರಯೋಜನವೇ?

ನೋವಿನ ಅನುಭವಕ್ಕೆ ಬೇಕಾದ ನರಮಂಡಲ ಸಸ್ಯಗಳಿಗಿಲ್ಲ ಎಂಬುದು ಇಂದಿನ ಜೀವವಿಜ್ಞಾನದ ತಿಳಿವಳಿಕೆ. ಗಾಯಕ್ಕೆ ಅವು ಪ್ರತಿಕ್ರಿಯಿಸುತ್ತವೆ, ಅಷ್ಟೇ. ಅದರಿಂದ ಹಿಂಸೆಯ ಭಾರ ಹಗುರಾದೀತು, ಹೊಣೆ ಇಲ್ಲವಾಗದು. ನೋಯದ ಜೀವಕ್ಕೂ ತನ್ನದೇ ಒಂದು ಒಲವು, ಒಂದು ದಿಕ್ಕು ಇರುತ್ತದೆ.

ಗಾತ್ರದ ಪ್ರಶ್ನೆಗೆ ಛಾಂದೋಗ್ಯ ಉಪನಿಷತ್ತಿನ ಪ್ರಸಂಗವೊಂದು ಹತ್ತಿರದ ಉತ್ತರ. ಉದ್ದಾಲಕ ಮಗ ಶ್ವೇತಕೇತುವಿನಿಂದ ಆಲದ ಹಣ್ಣು ತರಿಸಿ ಒಡೆಸುತ್ತಾನೆ, ಒಳಗಿನ ಅಣುವಿನಂಥ ಬೀಜವನ್ನೂ ಒಡೆಸುತ್ತಾನೆ. ಮಗನ ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಣದ ಆ ಸೂಕ್ಷ್ಮದಿಂದಲೇ ಈ ಮಹಾವೃಕ್ಷ ನಿಂತಿದೆ ಎಂಬುದು ತಂದೆಯ ಬೋಧೆ. ಆಲದ ಆಲತನ ಅದರ ಹರವಿನಲ್ಲಿಲ್ಲ ಎಂದಾದರೆ, ತಟ್ಟೆಯ ಆಲ ಕಡಿಮೆ ಆಲವಲ್ಲ. ವಾಮನನ ಕಥೆಯೂ ಕುಳ್ಳ ರೂಪಕ್ಕೂ ಅಳತೆಗೆಟ್ಟ ಹಿರಿಮೆಗೂ ವಿರೋಧವಿಲ್ಲವೆನ್ನುತ್ತದೆ. ‘ವಾಮನ ವೃಕ್ಷ’ ಎಂಬ ಹೆಸರಿನಲ್ಲೇ ಆ ನಂಬಿಕೆ ಅಡಗಿದೆ. ಪೂರ್ವ ಏಷ್ಯಾದ ಬೌದ್ಧರಲ್ಲಿ ಟಿಯಾಂಟಾಯ್ ಪಂಥದ ಜಾನ್‌ರಾನ್ (711–782) ಹುಲ್ಲುಮರಗಳಿಗೂ ಬುದ್ಧಸ್ವಭಾವವಿದೆ ಎಂದ. ಜಪಾನಿನ ತೆಂದಾಯ್ ಪಂಥ ಅದನ್ನು ಸಸ್ಯಗಳೂ ಬುದ್ಧತ್ವ ಪಡೆಯುತ್ತವೆ ಎಂಬವರೆಗೆ ಬೆಳೆಸಿತು.

ಮನೆಯಲ್ಲಿ ಬೋನ್ಸಾಯ್ ಇಟ್ಟರೆ ಮನೆಯವರ ಏಳಿಗೆ ಕುಂಠಿತವಾಗುತ್ತದೆ ಎಂಬ ವಾಸ್ತುವಿನ ಮಾತು ಈ ಚರ್ಚೆಗಳಿಗೆ ಸೇರಿದ್ದಲ್ಲ. ಕುಳ್ಳ ಗಿಡ, ಕುಳ್ಳ ಬಾಳು ಎಂಬ ಹೋಲಿಕೆಯೇ ಅದರ ಏಕೈಕ ಆಧಾರ. ಅರಳಿಯನ್ನು ಕಟ್ಟೆ ಕಟ್ಟಿ ಪ್ರದಕ್ಷಿಣೆ ಹಾಕುವ ನಾಡಿನಲ್ಲಿ ಅದನ್ನು ತಟ್ಟೆಗಿಳಿಸಲು ಹಲವರಿಗೆ ಮನಸ್ಸು ಬಾರದಿರುವುದು ಬೇರೆ ಮಾತು. ಅದು ಶಕುನದ ಭಯವಲ್ಲ, ಭಕ್ತಿಯ ಹಿಂಜರಿಕೆ. ಅಂಥವರಿಗೆ ಹುಣಸೆ ಇದೆ, ಜೇಡ್ ಇದೆ.

ಕಟ್ಟಿದವನೂ ಕಟ್ಟುಬಿದ್ದವನು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕನ್ನಡದ ಗಾದೆ ಕೇಳುತ್ತದೆ. ಮಕ್ಕಳನ್ನು ತಿದ್ದುವ ಮಾತು ಅದು. ಬಗ್ಗಿಸುವುದನ್ನು ತಪ್ಪೆಂದಲ್ಲ, ಅಕ್ಕರೆಯ ಕರ್ತವ್ಯವೆಂದೇ ಎಣಿಸುತ್ತದೆ. ಗೊಂಗ್ ಜಿಜೆನ್ ಕಂಡ ಬಗ್ಗಿಸುವಿಕೆಗೂ ಗಾದೆಯ ಬಗ್ಗಿಸುವಿಕೆಗೂ ಇರುವ ವ್ಯತ್ಯಾಸ ಕೊಂಬೆಯ ಕೋನದಲ್ಲಿಲ್ಲ. ಬಗ್ಗಿಸಿದವನು ಆಮೇಲೆ ಏನಾಗುತ್ತಾನೆ ಎಂಬುದರಲ್ಲಿದೆ. ಪ್ಲಮ್ ಮಾರುವವನು ಹಣ ಎಣಿಸಿಕೊಂಡು ಹೊರಟುಹೋಗುತ್ತಾನೆ, ಸಾಕುವವನು ಉಳಿಯುತ್ತಾನೆ.

ಬೆಟ್ಟದ ತುದಿಯ ಮರಕ್ಕೆ ನೀರೆರೆಯುವ ಹೊಣೆ ದೇವರದು ಎಂಬ ಭರವಸೆ ಕನಕದಾಸರ ಕೀರ್ತನೆಯಲ್ಲಿದೆ. ಬಂಡೆಯ ಬಿರುಕಿನಲ್ಲಿ ಗಾಳಿಗೆ ಬಾಗಿ ನಿಂತ ಅಂಥ ಮರವೇ ಬೋನ್ಸಾಯ್‌ನ ಮೂಲ ಮಾದರಿ. ಅದನ್ನು ತಟ್ಟೆಗೆ ತಂದವರು, ಆ ಮರದ ಮಟ್ಟಿಗೆ, ದೇವರ ಪಾಲಿನ ಕೆಲಸವನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ. ಎರಡಂಗುಲ ಮಣ್ಣು ಏಪ್ರಿಲ್ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಬೇಕು. ಮದುವೆಗೆಂದು ಊರಿಗೆ ಹೋಗುವುದಾದರೆ ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕು. ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಎಂಬುದು ಜಪಾನಿನ ಬೆಳೆಗಾರರ ನಾಣ್ಣುಡಿ. ಬೆರಳು ಮಣ್ಣಿಗಿಳಿಸಿ ತೇವ ಅಳೆಯುವುದು, ತಟ್ಟೆ ಎತ್ತಿ ಭಾರದಿಂದಲೇ ಬಾಯಾರಿಕೆ ತಿಳಿಯುವುದು, ಎಲೆಯ ಹೊಳಪಿನಲ್ಲಿ ಆರೋಗ್ಯ ಓದುವುದು ಈ ಅವಧಿಯ ಪಾಠ. ಆರಂಭಿಸುವವರು ಮೊದಲ ವರ್ಷ ತಂತಿ ಮುಟ್ಟದೆ ನೀರನ್ನಷ್ಟೇ ಕಲಿಯಬೇಕು ಎಂಬ ಕ್ರಮಕ್ಕೆ ತಾಂತ್ರಿಕ ಕಾರಣವಿದೆ: ಸೊರಗಿದ ಗಿಡ ಕತ್ತರಿಯನ್ನೂ ತಂತಿಯನ್ನೂ ತಾಳದು. ಧರ್ಮದ ಕ್ರಮವೂ ಅದೇ ಆಗಿದೆ. ಬದುಕಿಸಬಲ್ಲವನಿಗೆ ಮಾತ್ರ ಬಾಗಿಸುವ ಅಧಿಕಾರ, ಅದೂ ಬದುಕಿಸುತ್ತಿರುವಷ್ಟು ಕಾಲ.

ಈ ಹೊಣೆ ಒಬ್ಬರ ಆಯುಸ್ಸಿಗೆ ಮುಗಿಯುವುದಿಲ್ಲ. ಹಿರೋಶಿಮಾದ ಯಮಾಕಿ ಮನೆತನದ ಬಿಳಿ ಪೈನ್ 1625ರಿಂದ ತಟ್ಟೆಯಲ್ಲಿ ಬೆಳೆಯುತ್ತ ಬಂದ ಮರ. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗ ಸ್ಫೋಟದ ಜಾಗದಿಂದ ಸುಮಾರು ಮೂರು ಕಿಲೋಮೀಟರ್ ದೂರದ ಆ ಮನೆಯ ಕಿಟಕಿ ಗಾಜು ಒಡೆದವು. ಎತ್ತರದ ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. 1976ರಲ್ಲಿ ಅಮೆರಿಕದ ದ್ವಿಶತಮಾನೋತ್ಸವಕ್ಕೆ ಜಪಾನ್ ಕಳಿಸಿದ 53 ಬೋನ್ಸಾಯ್‌ಗಳಲ್ಲಿ ಮಸಾರು ಯಮಾಕಿ ಇದನ್ನೂ ಕೊಟ್ಟರು. ಮರದ ಹಿಂದಿನ ಕಥೆ ಅದನ್ನು ನೋಡಿಕೊಳ್ಳುತ್ತಿದ್ದ ವಾಷಿಂಗ್ಟನ್‌ನ ಸಂಗ್ರಹಾಲಯಕ್ಕೆ ತಿಳಿದದ್ದು 2001ರಲ್ಲಿ ಯಮಾಕಿಯವರ ಮೊಮ್ಮಕ್ಕಳು ಮರ ನೋಡಲು ಬಂದಾಗ. ನಡುವಿನ 25 ವರ್ಷ ಅಲ್ಲಿನ ಸಿಬ್ಬಂದಿ ಕಥೆ ಗೊತ್ತಿಲ್ಲದೆಯೇ ನೀರು ಹಾಕಿದ್ದರು.

ಬಿಟ್ಟುಕೊಡುವುದೂ ಈ ಕಲೆಯ ಧರ್ಮದೊಳಗೇ ಇದೆ. ‘ಹಾಚಿ ನೊ ಕಿ’ ಎಂಬ ನೋ ನಾಟಕದಲ್ಲಿ ಬಡತನಕ್ಕಿಳಿದ ಸಮುರಾಯ್ ಒಬ್ಬ ಹಿಮದ ರಾತ್ರಿ ಬಂದ ಸನ್ಯಾಸಿಯ ಚಳಿ ನೀಗಲು ತನ್ನ ಬಳಿ ಉಳಿದಿದ್ದ ಪ್ಲಮ್, ಚೆರ್ರಿ, ಪೈನ್ ತಟ್ಟೆಮರಗಳನ್ನು ಒಲೆಗಿಡುತ್ತಾನೆ. ಮರದ ಮೇಲಿನ ಮೋಹ ಅತಿಥಿಯ ಪ್ರಾಣಕ್ಕಿಂತ ದೊಡ್ಡದಾಗಬಾರದು ಎಂಬುದು ಅಲ್ಲಿನ ನೀತಿ. ಇನ್ನು ನೀರೆರೆಯುವ ಕೈ ಸೋತರೆ, ಮುಂದೆ ನೋಡಿಕೊಳ್ಳುವವರಿಲ್ಲವಾದರೆ, ಗೊಂಗ್ ಜಿಜೆನ್ ತೋರಿಸಿದ ದಾರಿ ತೆರೆದೇ ಇದೆ. ಮುಂಗಾರಿನ ಮೊದಲ ಹದಮಳೆಯಾದ ಮೇಲೆ ತಂತಿ ಕತ್ತರಿಸಿ, ಬೇರಿನ ಬಿಲ್ಲೆಯನ್ನು ಸಡಿಲಿಸಿ, ಕೆರೆಯಂಚಿನಲ್ಲೋ ಹೊಲದ ಬದುವಿನಲ್ಲೋ ಗುಂಡಿ ತೋಡಿ ನೆಟ್ಟರೆ ತಟ್ಟೆಯ ಗೋಳಿ ಮತ್ತೆ ನೆಲ ಹಿಡಿಯುತ್ತದೆ. ಹಿಂದಿನ ಬಾಗುಗಳು ಕಾಂಡದ ಬುಡದಲ್ಲಿ ಉಳಿದುಕೊಳ್ಳುತ್ತವೆ. ಅದರ ಮೇಲಿಂದ ಮರ ತನ್ನ ಪಾಡಿಗೆ ಎದ್ದು ಬೆಳೆಯುತ್ತದೆ.